ಕೆಂದಳಿಲು ಕಟ್ಟಿದ ಬಳ್ಳಿ

ಒಂದು ಕಾಡಿನಲ್ಲಿ ಯಾರಿಗೆ ಕಾಯಿಲೆ ಬಂದರೂ ಎಲ್ಲರೂ ಮೊದಲು ಆಕಾಶ ನೋಡುತ್ತಿದ್ದರು. ಏಕೆಂದರೆ ವೈದ್ಯ ಆಮೆಯಜ್ಜ ಇದ್ದದ್ದು ದೊಡ್ಡ ಕೆರೆಯ ನಡುಗಡ್ಡೆಯಲ್ಲಿ. ಅವನು ನಡೆದು ಬರುವಷ್ಟರಲ್ಲಿ ರೋಗಿಯ ಮೊಮ್ಮಕ್ಕಳಿಗೂ ಮುಪ್ಪು ಬಂದೀತು. ಹಾಗಾಗಿ ರೋಗಿಗಳನ್ನೇ ಅವನ ಬಳಿಗೆ ಹೊತ್ತೊಯ್ಯುವ ಕೆಲಸ ಹೆಜ್ಜಾರ್ಲೆ ಹಕ್ಕಿಯದು. ಅವಳ ಕೊಕ್ಕಿನ ಕೆಳಗೆ ದೊಡ್ಡ ಚೀಲವಿತ್ತು. ರೋಗಿ ಅದರಲ್ಲಿ ಮುದುಡಿ ಮಲಗಿದರೆ ಸಾಕು. ಮೀನಿನ ವಾಸನೆಯೊಂದನ್ನು ಸಹಿಸಿಕೊಳ್ಳಬೇಕಿತ್ತು, ಅಷ್ಟೆ.

ಹೆಜ್ಜಾರ್ಲೆಯದು ಭಾರದ ಮೈ. ಗುಬ್ಬಿಯ ಹಾಗೆ ಕಂಡಕಂಡಲ್ಲಿ ಇಳಿಯಲು ಆಗದು. ಗಾಳಿಗೆ ಎದುರಾಗಿ, ತಗ್ಗುತ್ತ ತಗ್ಗುತ್ತ ಬಂದು ಬಯಲಿನಲ್ಲಿ ಇಳಿಯಬೇಕು. ಆ ಬಯಲನ್ನು ಕಾಯುವವಳು ಟಿಟ್ಟಿಭ, ನೆಲದ ಮೇಲೆಯೇ ಬದುಕುವ ಉದ್ದ ಕಾಲಿನ ಹಕ್ಕಿ. ಕಾಡಿನಲ್ಲಿ ಅವಳಷ್ಟು ಗಂಟಲಿರುವವರು ಇನ್ನೊಬ್ಬರಿರಲಿಲ್ಲ. "ಕಡ್ಡಿ ತೆಗೀರಿ! ಕಲ್ಲು ತೆಗೀರಿ! ಅವಳು ಇಳಿಯೋವಾಗ ಯಾರೂ ಹತ್ತಿರ ಹೋಗಬೇಡಿ!" ಎಂದು ಕೂಗುತ್ತ ನೆಲವನ್ನೆಲ್ಲ ಹುಡುಕಿ ನೋಡುತ್ತಿದ್ದಳು. ತಲೆಯೆತ್ತಿ ಮೇಲೆ ಮಾತ್ರ ನೋಡುತ್ತಿರಲಿಲ್ಲ. ಅದನ್ನು ಮರದ ಮೇಲಿರುವವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು.

ಬಯಲಿನ ಈ ಬದಿಯ ಹೊನ್ನೆ ಮರದಲ್ಲಿ ಒಬ್ಬ ಕೆಂದಳಿಲು ಇದ್ದ. ಅವನ ಬಾಲ ದೊಡ್ಡದು, ಜಂಬ ಇನ್ನೂ ದೊಡ್ಡದು. ಆ ಬದಿಯಲ್ಲಿ ಒಂದು ಅತ್ತಿ ಮರ, ಮೈತುಂಬ ಹಣ್ಣು. ಅಲ್ಲಿಗೆ ಹೋಗಲು ನೆಲಕ್ಕಿಳಿದು ಬಯಲು ದಾಟಬೇಕಿತ್ತು.

"ನಾನು ನೆಲ ತುಳಿಯೋದಾ? ಅದಕ್ಕೆ ಮೊಲಗಳಿವೆ," ಎಂದು ಅವನು ಮೂಗು ಮುರಿದ. ಯಾರೂ ಇಲ್ಲದ ಹೊತ್ತು ನೋಡಿ, ಒಂದು ಗಟ್ಟಿ ಬಳ್ಳಿಯ ತುದಿಯನ್ನು ಕಚ್ಚಿಕೊಂಡು, ಅದೇ ನೆಲವನ್ನು ತುಳಿದು ಓಡಿ, ಎರಡು ಮರಗಳ ನಡುವೆ ಎತ್ತರದಲ್ಲಿ ಬಿಗಿದು ಕಟ್ಟಿದ. ಯಾರಿಗೂ ಕಾಣದಿರಲಿ ಎಂದು ಬಳ್ಳಿಯ ಎಲೆಗಳನ್ನೆಲ್ಲ ಕಿತ್ತುಹಾಕಿದ.

ಮರುದಿನ ಟಿಟ್ಟಿಭ ಎಂದಿನಂತೆ ಕೇಳಿದಳು. "ತಮ್ಮಾ, ಮೇಲೆ ಅಡ್ಡ ಏನಾದ್ರೂ ಇದೆಯಾ?"

"ನನ್ನ ಬಾಲ ಬಿಟ್ರೆ ಏನೂ ಇಲ್ಲ ಅಕ್ಕಾ!"

ಮೊಲಗಳು ನಕ್ಕವು. ಟಿಟ್ಟಿಭ ನಂಬಿದಳು. ಕೆಂದಳಿಲು ಬಳ್ಳಿಯ ಮೇಲೆ ಓಡಿಹೋಗಿ ಅತ್ತಿ ಮರಕ್ಕೆ ಲಗ್ಗೆಯಿಟ್ಟ. ಹಣ್ಣು ತಿಂದ. ಹಣ್ಣು ಮುಗಿದ ಮೇಲೆ ಕಾಯಿ ತಿಂದ. ಸಂಜೆಯ ಹೊತ್ತಿಗೆ ಹೊಟ್ಟೆ ತಮಟೆಯ ಹಾಗೆ ಬಿಗಿದು ಉಸಿರಾಡುವುದೇ ಕಷ್ಟವಾಯಿತು. ಮರದಿಂದ ಜಾರಿ ಬಂದು ಬಯಲಿನಲ್ಲಿ ಬಿದ್ದ.

"ಕತ್ತಲಾಗೋದರೊಳಗೆ ಆಮೆಯಜ್ಜನ ಕಷಾಯ ಕುಡೀಬೇಕು. ಇಲ್ಲದಿದ್ರೆ ಜೀವ ಉಳಿಯಲ್ಲ," ಎಂದು ಹೇಳಿ ಟಿಟ್ಟಿಭ ಗಂಟಲು ಹರಿಯುವಂತೆ ಹೆಜ್ಜಾರ್ಲೆಯನ್ನು ಕೂಗಿದಳು.

ದೂರದಲ್ಲಿ ಹೆಜ್ಜಾರ್ಲೆ ಕಾಣಿಸಿದಳು. ಅಂಗಾತ ಮಲಗಿದ್ದ ಕೆಂದಳಿಲು ಮೇಲೆ ನೋಡಿದ. ಆಕಾಶಕ್ಕೆ ಅಡ್ಡವಾಗಿ ಅವನದೇ ಬಳ್ಳಿ ಕಪ್ಪಗೆ ಕಾಣುತ್ತಿತ್ತು. ಕೆಳಗಿನಿಂದ ಕಾಣುತ್ತಿತ್ತು, ನಿಜ. ಮೇಲಿನಿಂದ ಬರುವವಳಿಗೆ ಕಾಣುವುದಾದರೂ ಹೇಗೆ? ಎಲೆಗಳನ್ನು ಅವನೇ ಕಿತ್ತುಹಾಕಿದ್ದನಲ್ಲ!

ಹೊಟ್ಟೆ ಉಬ್ಬಿದರೂ ಜಂಬ ಇಳಿದಿರಲಿಲ್ಲ. "ಅಕ್ಕಾ, ಇವತ್ತು ಅವಳನ್ನ ಆ ಕಡೆಯಿಂದ ಬರೋಕೆ ಹೇಳು. ಆ ಕಡೆ ನೋಟ ಚೆನ್ನಾಗಿದೆ," ಎಂದ.

"ನೋಟ ನೋಡೋಕೆ ಬರ್ತಿದ್ದಾಳಾ? ಗಾಳಿ ಆ ಕಡೆಯಿಂದಲೇ ಬೀಸ್ತಿದೆ, ಅದಕ್ಕೆ ಎದುರಾಗೇ ಇಳೀಬೇಕು. ಬಾಯಿ ಮುಚ್ಚಿಕೊಂಡು ಮಲಕ್ಕೋ!"

"ಸ್ವಲ್ಪ ಮೇಲಿಂದ ಬಂದ್ರೆ..."

"ರೋಗಿಗೆ ಇಷ್ಟು ಮಾತು ಯಾಕೆ?"

ಹೆಜ್ಜಾರ್ಲೆ ತಗ್ಗಿದಳು. ಇನ್ನೂ ತಗ್ಗಿದಳು. ಅವಳ ಅಗಲವಾದ ರೆಕ್ಕೆ ನೇರವಾಗಿ ಬಳ್ಳಿಯ ಕಡೆಗೇ ಬರುತ್ತಿತ್ತು. ಕೆಂದಳಿಲಿಗೆ ಭಯವಾಯಿತು. ಮೊದಲು ತನ್ನ ಜೀವದ ಭಯ, ಆಮೇಲೆ ಅವಳ ಜೀವದ್ದು. ಜಂಬವೆಲ್ಲ ಗಾಳಿಗೆ ಹಾರಿತು.

"ಬಳ್ಳಿ ಇದೆ! ಮೇಲೆ ಹೋಗಮ್ಮಾ! ಬಳ್ಳಿ ಇದೆ! ನಾನೇ ಕಟ್ಟಿದ್ದು!"

ಹೆಜ್ಜಾರ್ಲೆ ರೆಕ್ಕೆ ಬಡಿದು ಮೇಲಕ್ಕೆದ್ದಳು. ಅವಳ ಒಂದು ಗರಿ ಬಳ್ಳಿಗೆ ಸಿಕ್ಕಿ ಅಲ್ಲೇ ತೂಗಾಡಿತು. ಬಯಲಿನಲ್ಲಿದ್ದವರೆಲ್ಲ ಆ ಗರಿಯನ್ನು ನೋಡಿದರು, ಆಮೇಲೆ ಕೆಂದಳಿಲನ್ನು ನೋಡಿದರು.

"ಅದನ್ನ ಬಿಚ್ಚೋವರೆಗೂ ನಾನು ಇಳಿಯೋದಿಲ್ಲ!" ಎಂದು ಹೆಜ್ಜಾರ್ಲೆ ಮೇಲಿನಿಂದ ಕೂಗಿದಳು.

ಬಿಚ್ಚುವವರು ಯಾರು? ಅಲ್ಲಿದ್ದದ್ದು ಮೊಲಗಳು ಮತ್ತು ಟಿಟ್ಟಿಭ. ಮರ ಹತ್ತುವ ಉಗುರು, ಬಳ್ಳಿ ಕಡಿಯುವ ಹಲ್ಲು ಎರಡೂ ಇದ್ದದ್ದು ಒಬ್ಬನಿಗೇ. ಮಾಡಿದ್ದುಣ್ಣೋ ಮಹರಾಯ! ಉಬ್ಬಿದ ಹೊಟ್ಟೆಯನ್ನು ಮರಕ್ಕೆ ಉಜ್ಜುತ್ತ, "ಅಯ್ಯೋ, ಅಮ್ಮಾ" ಎನ್ನುತ್ತ ಕೆಂದಳಿಲು ಹತ್ತಿದ. ಅಷ್ಟು ಬಿಗಿಯಾಗಿ ಕಟ್ಟಿದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತ ಕಡಿದ. ಮೊಲಗಳು ಕೆಳಗಿನಿಂದ ಹುರಿದುಂಬಿಸಿದವು. "ಆರಾಮಾಗಿ ಮೇಲೇ ಇರಣ್ಣಾ, ನೆಲ ತುಳಿಯೋಕೆ ನಾವಿದ್ದೀವಿ!"

ಕೊನೆಗೂ ಬಳ್ಳಿ ಕಳಚಿಬಿತ್ತು. ಟಿಟ್ಟಿಭ ಮೊದಲ ಸಲ ಕತ್ತೆತ್ತಿ ಮರದಿಂದ ಮರಕ್ಕೆ ಕಣ್ಣಾಡಿಸಿದಳು. ಮೊಲಗಳು ಬಿದ್ದ ಬಳ್ಳಿಯನ್ನು ಪಕ್ಕಕ್ಕೆ ಎಳೆದವು. ಆಮೇಲೆಯೇ ಹೆಜ್ಜಾರ್ಲೆ ಇಳಿದಳು.

"ಕ್ಷಮಿಸಮ್ಮಾ," ಎಂದ ಕೆಂದಳಿಲು, ಕಣ್ಣೀರು ಹಾಕುತ್ತ.

"ಮೇಲಿಂದ ಬರೋವಾಗ ನನಗೆ ಬಳ್ಳಿ ಕಾಣೋದಿಲ್ಲ ಮಗಾ. ನಿಮ್ಮ ಮಾತೇ ನನಗೆ ಕಣ್ಣು. ಬಾ, ಚೀಲದೊಳಗೆ ಹತ್ತು."

ಕತ್ತಲಾಗುವ ಮೊದಲೇ ಅವನು ಕಷಾಯ ಕುಡಿದ. ಅದು ಎಷ್ಟು ಕಹಿಯೆಂದರೆ ಮೀನಿನ ವಾಸನೆಯೇ ವಾಸಿ ಎನ್ನಿಸಿತು. ಆದರೆ ಬದುಕಿದ.

ಅಂದಿನಿಂದ ಬಯಲಿನ ಮೇಲ್ಭಾಗ ಕಾಯುವ ಕೆಲಸ ಅವನ ಪಾಲಿಗೆ ಬಂತು. ಇಂದಿಗೂ ಬೆಳಿಗ್ಗೆ ಟಿಟ್ಟಿಭ ಕೇಳುತ್ತಾಳೆ, "ತಮ್ಮಾ, ಮೇಲೆ ಅಡ್ಡ ಏನಾದ್ರೂ ಇದೆಯಾ?" ಅವನು ಎರಡೂ ಮರಗಳನ್ನು ಹತ್ತಿ ನೋಡಿ ಬಂದು, "ಏನೂ ಇಲ್ಲ ಅಕ್ಕಾ," ಎನ್ನುತ್ತಾನೆ. ನಡುವಿನ ಬಯಲನ್ನು ಮಾತ್ರ ನೆಲ ತುಳಿದೇ ದಾಟುತ್ತಾನೆ. ಟಿಟ್ಟಿಭ ಅವನ ಮಾತು ಕೇಳಿಸಿಕೊಂಡು, ಆಮೇಲೆ ತಾನೂ ಒಮ್ಮೆ ಕತ್ತೆತ್ತಿ ನೋಡುತ್ತಾಳೆ.

ನೀತಿ: ಕಾಪಾಡಲು ಬರುವವರ ದಾರಿಗೆ ಅಡ್ಡ ಕಟ್ಟಬೇಡ, ಕಟ್ಟಿದ್ದರೆ ನಾಚಿಕೆ ಬಿಟ್ಟು ಮೊದಲೇ ಹೇಳಿಬಿಡು.