ಹಲಗೆಗೆ ಯಾವ ಎಣ್ಣೆ?

"ಗುರುಗಳೇ, ಮನಸ್ಸಿನೊಳಕ್ಕೆ ಹೊರಗಿನದು ಏನೂ ಇಳಿಯದ ಹಾಗೆ ಮಾಡಿಕೊಳ್ಳಲು ಯಾವ ವ್ರತ ಒಳ್ಳೆಯದು?" ಎಂದು ನಿಜಗುಣ ಕೇಳಿದ.

ಅವನು ಮಠಕ್ಕೆ ಬಂದು ವರ್ಷ ತುಂಬಿರಲಿಲ್ಲ. ದಯೆ ಎಂದರೇನೆಂದು ಕಲಿಯಬೇಕು ಎಂದು ಹೇಳಿಕೊಂಡೇ ಬಂದವನು. ದಾಸೋಹದಲ್ಲಿ ಬಡಿಸುವ ಕೆಲಸ ಕೊಟ್ಟಿದ್ದರು. ಹೋದ ವಾರ ಪಂಕ್ತಿಯಲ್ಲಿ ಒಬ್ಬ ಮುದುಕಿ ಅವನ ಕೈ ಹಿಡಿದು, "ಮಗಳು ಹೋದ ಮೇಲೆ ಒಬ್ಬಳೇ ಉಂಡರೆ ಗಂಟಲಲ್ಲಿ ಇಳಿಯೋದಿಲ್ಲ ಕಣಪ್ಪ, ಒಂದು ಗಳಿಗೆ ಪಕ್ಕದಲ್ಲಿ ಕೂತಿರು" ಎಂದಿದ್ದಳು. ಕೂತಿದ್ದ. ಅವಳು ಉಂಡು ಎದ್ದು ಹೋದಳು, ಅವಳ ಮಾತು ಹೋಗಲಿಲ್ಲ. ಪೂಜೆಗೆ ಕೂತರೂ ಅದೇ, ಮಲಗಿದರೂ ಅದೇ.

ಹಿರಿಯರನ್ನು ಕೇಳಿದ್ದ. ಒಬ್ಬರು ಮೌನ ಹಿಡಿ ಎಂದರು. ಇನ್ನೊಬ್ಬರು, ಬಡಿಸುವಾಗ ಯಾರ ಮುಖವನ್ನೂ ನೋಡಬೇಡ, ಎಲೆ ನೋಡಿದರೆ ಸಾಕು ಎಂದರು. ಮತ್ತೊಬ್ಬರು ದಾಸೋಹವನ್ನೇ ಬಿಟ್ಟು ಕೋಣೆ ಸೇರು ಎಂದರು. ಎಲ್ಲರ ಮಾತೂ ಸರಿಯೆನಿಸಿ ತಲೆ ಕೆಟ್ಟುಹೋಗಿತ್ತು. ಸದ್ಯಕ್ಕೆ ಮುಖ ನೋಡುವುದನ್ನು ಬಿಟ್ಟಿದ್ದ. ಅದನ್ನೂ ಗುರುಗಳಿಗೆ ಹೇಳಿದ.

"ಅಷ್ಟು ಜನರನ್ನು ಕೇಳಿದ್ದು ಸಾಲದೆ ನನ್ನ ಹತ್ತಿರವೂ ಬಂದೆಯಾ? ನನ್ನಲ್ಲಿ ವ್ರತವಿಲ್ಲ, ಕತೆಯಿದೆ. ಕೂತುಕೋ" ಎಂದರು ಗುರುಗಳು. ಕತೆ ಹೀಗಿತ್ತು.

ಒಬ್ಬ ರೈತನಿದ್ದ. ರೇಷ್ಮೆ ಹುಳು ಸಾಕುವವನು. ಅವನೂ ಹೆಂಡತಿಯೂ ಹುಳುಗಳನ್ನು ನಡುಮನೆಯಲ್ಲೇ ಸಾಕುತ್ತಿದ್ದರು. ಹುಳುವಿನ ತಟ್ಟೆಗಳ ಸಂದಿಯಲ್ಲಿ ಉಣ್ಣುವುದು, ತಟ್ಟೆಗಳ ಕೆಳಗೆ ಮುದುರಿಕೊಂಡು ಮಲಗುವುದು. ಈ ಕೆಲಸದಲ್ಲಿ ರೈತ ಬಲು ಕಟ್ಟುನಿಟ್ಟು. ನಶ್ಯ ಏರಿಸುವವರನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಒಡಹುಟ್ಟಿದ ಅಣ್ಣ ಬಂದಾಗಲೂ, "ಹೊಗೆಸೊಪ್ಪಿನ ವಾಸನೆ ಹುಳುವಿಗೆ ವಿಷ. ಕೈ ತೊಳೆದು ಬಾ" ಎಂದು ಅಂಗಳದಲ್ಲೇ ನಿಲ್ಲಿಸಿದ್ದ. ಅಣ್ಣ ಮುನಿಸಿಕೊಂಡು ಬಂದ ದಾರಿಯಲ್ಲೇ ಹೋದ. ಹೋದರೆ ಹೋಗಲಿ ಎಂದ ರೈತ.

ಹಿಪ್ಪುನೇರಳೆ ತೋಟದ ಬದುವಿನಲ್ಲಿದ್ದ ಮಾವಿನ ಮರ ಗಾಳಿಗೆ ಬಿತ್ತು. ಅದನ್ನು ಹಲಗೆ ಕೊಯ್ಯಿಸಿ, ತೋಟದಲ್ಲೇ ಹುಳುಗಳಿಗೆಂದು ಒಂದು ಮರದ ಮನೆ ಕಟ್ಟಿಸಿದ. ಹೆಂಡತಿಗೆ ಹಿಗ್ಗೋ ಹಿಗ್ಗು. ಮದುವೆಯಾದ ಮೇಲೆ ಮೊದಲ ಸಲ ಅವಳು ಕಾಲು ಚಾಚಿ ಮಲಗಬಹುದಿತ್ತು.

ಬಡಗಿ ಹೋಗುವಾಗ, "ಮಾವಿನ ಹಲಗೆ, ಬೇಗ ಗೆದ್ದಲು ಹಿಡಿಯುತ್ತದೆ. ಏನಾದರೂ ಬಳಿದುಬಿಡು" ಎಂದ. ಏನೆಂದು ಹೇಳಲಿಲ್ಲ. ರೈತನ ನಿದ್ದೆ ಅಂದೇ ಹಾರಿತು.

ಗಾಣದವನು ಬೇವಿನೆಣ್ಣೆ ಎಂದ. ಕರಾವಳಿಯ ವ್ಯಾಪಾರಿ ಗೇರೆಣ್ಣೆ ಎಂದ, ದೋಣಿಗೂ ಅದನ್ನೇ ಬಳಿಯುತ್ತಾರಂತೆ. ಪೇಟೆಯವನು ವಾರ್ನಿಷ್ ಎಂದ. ಪಕ್ಕದ ತೋಟದವನು ಸುಣ್ಣ ಸಾಕು ಎಂದ. ಸುಣ್ಣ ಬಳಿಯಲು ಇದೇನು ಕೊಟ್ಟಿಗೆಯೇ ಎಂದು ರೈತನಿಗೆ ಮನಸ್ಸು ಬರಲಿಲ್ಲ. ಹಲಗೆಯ ತುಂಡುಗಳಿಗೆ ಒಂದೊಂದನ್ನು ಬಳಿದು ಗೆದ್ದಲ ಹುತ್ತದ ಪಕ್ಕ ಊರಿದ. ಬೆಳಗಾದರೆ ಮುಖಕ್ಕೆ ನೀರು ಹಾಕುವ ಮೊದಲು ಹುತ್ತದ ಬಳಿಗೆ ಓಡುವನು. ಇವತ್ತು ಗೇರೆಣ್ಣೆ ಮೇಲೆನಿಸುವುದು, ನಾಳೆ ಬೇವು. ಅಷ್ಟರಲ್ಲಿ ಒಂದು ಜೋರು ಮಳೆ ಬಂದು ಯಾವ ತುಂಡು ಯಾವುದೆಂಬ ಗುರುತೇ ಸಿಗದೆ ಹೋಯಿತು. ಮೂಗಿಗಿಂತ ಮೂಗುತಿ ಭಾರವಾಯಿತು.

ಇತ್ತ ನಡುಮನೆಯಲ್ಲಿ ಹುಳುಗಳು ಬೆಳೆಯುತ್ತಿದ್ದವು. ಹೆಂಡತಿ ಒಬ್ಬಳೇ ಸೊಪ್ಪು ತಂದು ಹಾಕುತ್ತಿದ್ದಳು.

"ತಟ್ಟೆಯಲ್ಲಿ ಜಾಗ ಸಾಲುತ್ತಿಲ್ಲ. ಆ ಮನೆ ಯಾವಾಗ ಸಿದ್ಧ?" ಎಂದು ಕೇಳಿದಳು.

"ಎಣ್ಣೆ ಯಾವುದೆಂದು ಗೊತ್ತಾಗಲಿ ಇರು" ಎಂದ.

ಕೊನೆಗೆ ಸಂತೆಯಲ್ಲಿ ಒಬ್ಬ ಸಿಕ್ಕಿದ. ಬೇವಿನೆಣ್ಣೆಗೆ ಹೊಗೆಸೊಪ್ಪಿನ ಕಷಾಯ ಬೆರೆಸಿ ಒಳಗೂ ಹೊರಗೂ ಬಳಿ, ಹುಳವೆಂಬ ಹುಳ ಅತ್ತ ತಲೆ ಹಾಕುವುದಿಲ್ಲ ಎಂದ. ರೈತನ ಎದೆ ಹಗುರವಾಯಿತು. ತಾನೇ ಕೂತು ಕಷಾಯ ಕಾಸಿದ, ತಾನೇ ಬಳಿದ. ಗೆದ್ದಲು ಬರಲಿಲ್ಲ. ಇರುವೆ ಹತ್ತಲಿಲ್ಲ. ನೊಣ ಕೂಡ ಕೂರಲಿಲ್ಲ. ಊರವರನ್ನು ಕರೆದು ತೋರಿಸಿದ.

"ಅಯ್ಯೋ" ಎಂದ ನಿಜಗುಣ.

"ನಿನಗೆ ಇಲ್ಲಿ ಕೂತು ತಿಳಿಯಿತು. ಅವನಿಗೂ ತಿಳಿಯದ್ದಲ್ಲ ಕಣಯ್ಯ. ಹಲಗೆ ನೋಡಿ ನೋಡಿ ಮರೆತಿದ್ದ" ಎಂದು ಗುರುಗಳು ಮುಂದುವರಿಸಿದರು.

ಗೂಡು ಕಟ್ಟಲು ಇನ್ನೂ ಕೆಲವು ದಿನವಿದ್ದ ಹುಳುಗಳನ್ನು ಗಂಡ ಹೆಂಡತಿ ಹೊಸ ಮನೆಗೆ ಸಾಗಿಸಿದರು. ಮರುದಿನ ಹಾಕಿದ ಸೊಪ್ಪು ಹಾಕಿದ ಹಾಗೇ ಇತ್ತು. ಹುಳುಗಳು ತಲೆ ಎತ್ತಿ ತೂಗಾಡಿದವು, ಹಸಿರು ನೀರು ಕಕ್ಕಿದವು. ರೈತನಿಗೆ ದಿಕ್ಕು ತೋಚಲಿಲ್ಲ. ಸೊಪ್ಪು ಬದಲಾಯಿಸಿದ. ಒದ್ದೆ ಸೊಪ್ಪು ಹಾಕಿದೆ ಎಂದು ಹೆಂಡತಿಯನ್ನು ಬೈದ. ಸೆಕೆಯೇ ಇರಬೇಕೆಂದು ಕಿಟಕಿ ತೆರೆದ, ಶೀತವೇ ಇರಬೇಕೆಂದು ಮುಚ್ಚಿದ. ದೃಷ್ಟಿಯಾಗಿದೆ ಎಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ.

ಸುದ್ದಿ ಕೇಳಿ ಅಣ್ಣ ಬಂದ. ಮುನಿಸು ಮರೆತು ಬಂದವನು ಬಾಗಿಲ ಹೊರಗೇ ನಿಂತ. "ಕೈ ತೊಳೆದುಕೊಂಡೇ ಬಂದಿದ್ದೇನೆ ಕಣೋ, ಒಳಗೆ ಬರಬಹುದೇ?" ಎಂದ.

ರೈತ ತನ್ನ ಕೈಯನ್ನು ಮೂಗಿನ ಹತ್ತಿರ ತಂದುಕೊಂಡ. ಹೊಗೆಸೊಪ್ಪು ನಾರಿತು.

ಒಂದು ಹುಳುವೂ ಉಳಿಯಲಿಲ್ಲ. ಮಕ್ಕಳ ಹಾಗೆ ಸಾಕಿದ್ದ ಅವುಗಳನ್ನು ಹೆಂಡತಿ ಒಂದೊಂದೇ ತಟ್ಟೆ ಹೊತ್ತು ಗೊಬ್ಬರದ ಗುಂಡಿಗೆ ಸುರಿದು ಬಂದಳು. ಆ ಇರುಳು ನಡುಮನೆಯಲ್ಲಿ ಬೇಕಾದಷ್ಟು ಜಾಗವಿತ್ತು, ಅವಳು ಮೂಲೆಯಲ್ಲಿ ಮುದುರಿಕೊಂಡೇ ಮಲಗಿದಳು.

"ಆ ಮರದ ಮನೆ ಈಗಲೂ ಇದೆ. ಒಂದು ಹಲಗೆಗೂ ಹುಳ ಹಿಡಿದಿಲ್ಲ" ಎಂದು ಗುರುಗಳು ಕತೆ ನಿಲ್ಲಿಸಿದರು.

ನಿಜಗುಣನಿಗೆ ಕತೆ ಅರ್ಥವಾದ ಹಾಗೂ ಇತ್ತು, ಆಗದ ಹಾಗೂ ಇತ್ತು. ಕೊನೆಗೆ, "ಹಾಗಾದರೆ ಸುಣ್ಣವೇ ಸರಿಯಿತ್ತೇನೋ. ಗುರುಗಳೇ, ನನಗೆ ಸುಣ್ಣದಂಥ ವ್ರತ ಯಾವುದು? ಮೌನವೋ, ಮುಖ ನೋಡದಿರುವುದೋ?" ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿದರು.

"ಇವತ್ತು ಪಂಕ್ತಿಗೆ ಆ ಮುದುಕಿ ಬಂದಿದ್ದಳೇನಪ್ಪ?"

ನಿಜಗುಣ ನೆನಪು ಮಾಡಿಕೊಂಡ. ಎಲೆಗಳಷ್ಟೇ ನೆನಪಿಗೆ ಬಂದವು.