ಬಾಳಯ್ಯ ಬಿಗಿದ ಹ್ಯಾಂಡಲ್

ಹೊಳೆದಂಡೆಯಲ್ಲೊಂದು ಚಿಕ್ಕ ಮಠ. ಅಲ್ಲಿದ್ದವರು ಒಬ್ಬ ಗುರು, ಇಬ್ಬರು ಶಿಷ್ಯರು. ಜೊತೆಗೊಂದು ಹಳೆಯ ಮೋಟರ್‌ಸೈಕಲ್. ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರು ಊರೂರಿಗೆ ಪ್ರವಚನಕ್ಕೆ ಹೋಗುವಾಗ ಗಾಡಿ ಹೊಡೆಯುವುದು ಹಿರಿಯ ಶಿಷ್ಯ ಬಾಳಯ್ಯನ ಸೇವೆ. ಅವನು ಹೊಡೆದರೆ ಹಿಂದೆ ಕೂತ ಅಜ್ಜಾರ ತಲೆಯ ರುಮಾಲು ಸಹ ಅಲುಗುತ್ತಿರಲಿಲ್ಲ.

ಆಮೇಲೆ ಕಿರಿಯ ಶಿಷ್ಯನಾಗಿ ಅಡಿವೆಪ್ಪ ಬಂದ. ಒಂದು ಬೆಳಿಗ್ಗೆ ಅಜ್ಜಾರು ಕಾವಿಯನ್ನು ಎತ್ತಿ ಕಟ್ಟಿಕೊಂಡು, ಗಾಡಿಯ ಕೀಲಿಯನ್ನು ಈ ಹೊಸಬನ ಕೈಗಿಟ್ಟು ಅವನ ಹಿಂದೆ ಕೂತುಬಿಟ್ಟರು. ಮರುದಿನವೂ ಹಾಗೇ ಆಯಿತು. ಅದೇ ರೂಢಿಯಾಯಿತು.

ಬಾಳಯ್ಯನಿಗೆ ಹೊಟ್ಟೆ ಉರಿಯಿತು. ನೆಟ್ಟಗೆ ಗೇರು ಹಾಕಲು ಬಾರದವನು, ತಗ್ಗನ್ನು ಹುಡುಕಿಕೊಂಡು ಹೋಗಿ ಗಾಡಿ ಇಳಿಸುವವನು. ಅಂಥವನ ಹೆಗಲ ಮೇಲೆ ಅಜ್ಜಾರ ಕೈ. ಈಗೀಗ ಅಡಿವೆಪ್ಪ ನಕ್ಕರೂ ಉರಿ, ಸುಮ್ಮನಿದ್ದರೂ ಉರಿ.

ಒಂದು ಮಧ್ಯಾಹ್ನ ಅಡಿವೆಪ್ಪನೇ ಗಾಡಿ ತಳ್ಳಿಕೊಂಡು ಬಂದ.

“ಅಣ್ಣಾರ, ಮುಂದಿನ ಬ್ರೇಕ್ ಹಿಡದ್ರ ಹ್ಯಾಂಡಲ್‌ನ್ಯಾಗ ಕಟಕ್ ಅಂತೈತ್ರಿ. ಅಜ್ಜಾರು ನಿಮಗ ತೋರಸು ಅಂದ್ರು.”

ಬಾಳಯ್ಯ ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿದ. ಎಂಜಿನ್ ಕೆಳಗೆ ಕಲ್ಲು ಕೊಟ್ಟು ಮುಂದಿನ ಗಾಲಿ ನೆಲಬಿಟ್ಟು ಏಳುವಂತೆ ಮಾಡಿದ. ಗಾಲಿಯ ಅಕ್ಕಪಕ್ಕದ ಫೋರ್ಕನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಾಡಿಸಿದ. ಮೇಲೆ, ಹ್ಯಾಂಡಲ್ ಬುಡದಲ್ಲಿ ಕಟಕ್ ಎಂದಿತು.

“ಕೋನ್ ಸೆಟ್ ಸಡ್ಲಾಗೇತಿ,” ಎಂದ.

ಹ್ಯಾಂಡಲ್ ತಿರುಗುವುದೇ ಅದರೊಳಗಿನ ಉಕ್ಕಿನ ಗುಂಡುಗಳ ಮೇಲೆ. ಮೇಲಿನ ನಟ್ಟನ್ನು ಒಂಚೂರು ಬಿಗಿದರೆ ಕೆಲಸ ಮುಗಿಯಿತು.

ಒಂಚೂರು ಬಿಗಿದ. ಸದ್ದು ನಿಂತಿತು. ಕೈ ಮಾತ್ರ ನಿಲ್ಲಲಿಲ್ಲ.

ಅತಿಯಾಗಿ ಬಿಗಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಿಂತ ಗಾಡಿ ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ರಸ್ತೆಗಿಳಿದ ಮೇಲೆ ಹ್ಯಾಂಡಲ್ ತಾನಾಗಿ ನೆಟ್ಟಗಾಗುವುದಿಲ್ಲ. ಗಾಡಿ ಕುಡಿದವನಂತೆ ಆ ಕಡೆ ಈ ಕಡೆ ಓಲಾಡುತ್ತದೆ. ನಾಳೆ ಸಂತೆಯ ದಾರಿಯಲ್ಲಿ, ನಾಲ್ಕು ಜನರ ಎದುರಿಗೆ, ಅಡಿವೆಪ್ಪ ಓಲಾಡಲಿ. ಬಾಳಯ್ಯ ಪಾನಾ ಹಾಕಿ ನಟ್ಟನ್ನು ಮತ್ತಷ್ಟು ಎಳೆದ.

ಅಡಿವೆಪ್ಪ ಫೋರ್ಕ್ ಅಲುಗಾಡಿಸಿ ನೋಡಿದ. “ನಿಮ್ಮ ಕೈ ಬಿದ್ದಕೂಡ್ಲೆ ಗಾಡಿ ಹೆಂಗ ಸುಮ್ಮನಾತು ನೋಡ್ರಿ,” ಎಂದು ನಕ್ಕ.

ಆ ನಗುವನ್ನೂ ಬಾಳಯ್ಯನಿಗೆ ಸಹಿಸಲಾಗಲಿಲ್ಲ.

ಬೆಳಿಗ್ಗೆ ಅಡಿವೆಪ್ಪ ಗಾಡಿ ಚಾಲೂ ಮಾಡಿದ. ಅಜ್ಜಾರು ಬಂದು ಅವನ ಹೆಗಲು ಹಿಡಿದು, ನೋಯುವ ಕಾಲನ್ನು ನಿಧಾನಕ್ಕೆ ಸೀಟಿನ ಆಚೆ ದಾಟಿಸಿ ಕೂತರು.

ಬಾಳಯ್ಯ ನೋಡುತ್ತಾ ನಿಂತಿದ್ದ. ಅಡಿವೆಪ್ಪ ಬಿದ್ದರೆ ಅಜ್ಜಾರೂ ಬೀಳುತ್ತಾರೆ. ಇಷ್ಟು ಸಣ್ಣ ಸಂಗತಿ ನಿನ್ನೆಯಿಂದ ಅವನಿಗೆ ಹೊಳೆದೇ ಇರಲಿಲ್ಲ.

ಓಡಿ ಹೋಗಿ ಹ್ಯಾಂಡಲ್ ಹಿಡಿದ.

“ಇಳೀರಿ, ಅಜ್ಜಾರ.”

“ಯಾಕೋ?”

“ಕೋನ್ ಸೆಟ್ ಭಾಳ ಬಿಗಿ ಆಗೇತ್ರಿ. ಬೀಳ್ತೀರಿ.”

“ಬಿಗಿದಾಂವ ಯಾರು?”

“ನಾನ ರೀ.”

“ಕೈ ತಪ್ಪಿತೇನು?”

“ಇಲ್ರಿ. ಬೇಕಂತನ ಬಿಗದೆ.”

ಅಡಿವೆಪ್ಪ ಗಾಡಿ ಬಂದ್ ಮಾಡಿದ. ಅವನ ಮುಖ ಸಣ್ಣದಾಗಿತ್ತು.

ಅಜ್ಜಾರು ಇಳಿದು ಕಟ್ಟೆಯ ಮೇಲೆ ಕೂತರು. “ಸಡ್ಲ ಮಾಡು. ಅಡಿವೆಪ್ಪಾ, ನೀ ಕೆಳಗ ಹಿಡಿ.”

ಗಾಡಿಯನ್ನು ಮತ್ತೆ ಸ್ಟ್ಯಾಂಡಿಗೆ ಹಾಕಿ, ಕಲ್ಲು ಕೊಟ್ಟು, ಬಾಳಯ್ಯ ಮೇಲೆ ನಟ್ಟು ಸಡಿಲಿಸುತ್ತಾ ಹೋದ. ಅಡಿವೆಪ್ಪ ಕೆಳಗೆ ಫೋರ್ಕ್ ಅಲುಗಾಡಿಸುತ್ತಾ ಹೋದ. “ಇನ್ನ ಸ್ವಲ್ಪ”, “ಸಾಕು” ಬಿಟ್ಟರೆ ಇಬ್ಬರ ನಡುವೆ ಬೇರೆ ಮಾತಿಲ್ಲ. ಕೊನೆಗೆ ಕಟಕ್ ಸದ್ದೂ ಇಲ್ಲ, ಬಿಗಿಯೂ ಇಲ್ಲ. ಬೆರಳು ತಾಗಿಸಿದರೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಪಕ್ಕಕ್ಕೆ ವಾಲಿತು.

ಪಾನಾ ಕೆಳಗಿಟ್ಟ ಬಾಳಯ್ಯನಿಗೆ ತಡೆಯಲಾಗಲಿಲ್ಲ.

“ಅಜ್ಜಾರ, ನನ್ನ ಹಿಂದ ಕೂಡೂದು ಯಾಕ ಬಿಟ್ರಿ? ನಾ ಎಂದಾದ್ರೂ ನಿಮ್ಮನ್ನ ಕೆಡವೀನೇನ್ರಿ?”

“ಇಲ್ಲ.”

“ಇಂವ ನನಗಿಂತ ಚೊಲೊ ಹೊಡೀತಾನೇನ್ರಿ?”

“ಎಲ್ಲೀದು. ಇಂವ ಯಾವಾಗ ಬೀಳ್ತಾನೋ ಹೇಳಾಕ ಬರೂದಿಲ್ಲ.”

ಅಡಿವೆಪ್ಪ ತಲೆ ಕೆರೆದುಕೊಂಡ.

“ಮತ್ತ ಇವನ ಹಿಂದ ಯಾಕ ಕುಂತ್ರಿ?”

ಅಜ್ಜಾರು ಎದ್ದು ಬಂದರು. ಅಡಿವೆಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ಬಾಳಯ್ಯನ ಕೈಯಲ್ಲಿಟ್ಟರು.

“ಬೀಳಾಂವನ ಹಿಂದ ಕೂಡೂದು ನನ್ನ ಕೆಲಸೋ, ಬಾಳಯ್ಯ. ಗಾಡಿ ಹತ್ತು, ಇವತ್ತಿನಿಂದ ನಿನ್ನ ಹಿಂದ ಕೂಡ್ತೀನಿ.”