ಹಾಡುವವರಿಗೆ ಹಾಕಿದ ಗದ್ದಿಗೆ

ಒಂದು ಅರಮನೆಯಲ್ಲಿ ಲಿಂಗಾಜಮ್ಮಣ್ಣಿ ಎಂಬ ವಯಸ್ಸಾದ ರಾಣಿ ಇದ್ದರು. ಸಂಗೀತವೆಂದರೆ ಅವರಿಗೆ ಪ್ರಾಣ. ಒಮ್ಮೆ ಅಲ್ಲಿಗೆ ನಾಲ್ವರು ವಾದ್ಯಗಾರರು ಬಂದರು. ಇಬ್ಬರದು ಪಿಟೀಲು. ಮೂರನೆಯವನದು ಸ್ವಲ್ಪ ದೊಡ್ಡದು, ಅದರ ದನಿ ತಗ್ಗು. ನಾಲ್ಕನೆಯದು ಎಷ್ಟು ದೊಡ್ಡದೆಂದರೆ, ನೆಲಕ್ಕೆ ಊರಿ ಮಂಡಿಗಳ ನಡುವೆ ಹಿಡಿದೇ ನುಡಿಸಬೇಕು. ಪರದೇಶದ ಮಾಸ್ತರರೊಬ್ಬರು ಅವರಿಗೆ ಕಲಿಸಿದ್ದ ಈ ಸಂಗೀತದಲ್ಲಿ ಹಾಡುವವರೇ ಇರುವುದಿಲ್ಲ. ಇದು ದೊಡ್ಡ ಸಭೆಗಲ್ಲ, ಸಣ್ಣ ಕೋಣೆಗೆ ಹೇಳಿ ಮಾಡಿಸಿದ ಸಂಗೀತ.

ಮೊದಲ ಪಿಟೀಲಿನ ಚೆಲುವರಂಗಯ್ಯನಿಗೆ ಒಂದು ಕೊರಗಿತ್ತು. ಅವನು ಬಹಳ ವರ್ಷ ಪಕ್ಕವಾದ್ಯ ನುಡಿಸಿದವನು. ಪಕ್ಕವಾದ್ಯವೆಂದರೆ ಹಾಡುವವರ ಪಕ್ಕದಲ್ಲಿ ಕೂತು ನುಡಿಸುವ ವಾದ್ಯ. ಅದೇನೂ ಕಡಿಮೆಯಲ್ಲ, ಆದರೆ ಅವನಿಗೆ ಕಡಿಮೆ ಅನಿಸಿತ್ತು. ಒಮ್ಮೆಯಾದರೂ ನಡುವೆ ಕೂರಬೇಕು ಎಂಬುದೇ ಅವನ ಆಸೆ.

ಬಂದ ಮರುದಿನ ಸಂಜೆ ರಾಣಿಯ ಮುಂದೆ ನುಡಿಸಲು ಕೋಣೆಗೆ ಬಂದರೆ, ನಡುವೆ ರೇಷ್ಮೆ ಹೊದಿಸಿದ ಒಂದು ಗದ್ದಿಗೆ! ಅದರ ಹಿಂದೆ ನಾಲ್ಕು ಆಸನ.

"ಹಾಡುವವರು ಎಲ್ಲಪ್ಪಾ?" ಎಂದರು ರಾಣಿ. "ನಿನ್ನೆ ನೀವು ಅಭ್ಯಾಸ ಮಾಡುವಾಗ ಗೋಡೆಯಾಚೆಯಿಂದ ಕೇಳಿಸಿತು. ಎಂಥ ಕಂಠ! ಗದ್ದಿಗೆ ಅವರಿಗೇ ಹಾಕಿಸಿದ್ದೀನಿ."

"ಹಾಡುವವರು ಯಾರೂ ಇಲ್ಲ, ತಾಯಿ. ನಾವು ನಾಲ್ವರೇ. ಅಪ್ಪಣೆಯಾದರೆ ಅಲ್ಲಿ ನಾನು ಕೂರ್ತೀನಿ," ಎಂದ ಚೆಲುವರಂಗಯ್ಯ.

ರಾಣಿ ಅರೆಮನಸ್ಸಿನಿಂದ ಹೂಂ ಎಂದರು. ಅವನು ಗದ್ದಿಗೆ ಏರಿದ.

ದೊಡ್ಡ ವಾದ್ಯದ ಮರಿಗೌಡ ಹಿಂದಿನಿಂದ ಪಿಸುಗುಟ್ಟಿದ: "ಲೋ ಮದುಮಗನೇ, ನಿನ್ನ ಬೆನ್ನು ನೋಡ್ಕೊಂಡು ನುಡಿಸೋದು ಹೇಗೋ?"

"ಕಣ್ಣಲ್ಲಿ ನುಡಿಸ್ತೀಯಾ? ಕೈಯಲ್ಲಿ ನುಡಿಸೋ."

ಆದರೆ ಈ ಸಂಗೀತಕ್ಕೆ ಕಣ್ಣೂ ಬೇಕು. ಇಲ್ಲಿ ತಾಳ ಹಾಕುವವರಿಲ್ಲ. ಒಬ್ಬರ ಮುಖ ಒಬ್ಬರು ನೋಡಿ, ಒಟ್ಟಿಗೆ ಉಸಿರೆಳೆದು ಶುರು ಮಾಡಬೇಕು. ಚೆಲುವರಂಗಯ್ಯ ಸೊಗಸಾಗಿಯೇ ನುಡಿಸಿದ. ಉಳಿದವರು ಕೂದಲೆಳೆಯಷ್ಟು ಹಿಂದೆ ಬಿದ್ದರು.

ಕಣ್ಣು ಮುಚ್ಚಿ ಕೇಳುತ್ತಿದ್ದ ರಾಣಿ ಕಣ್ಣು ತೆರೆದರು. "ನಾಲ್ಕು ವಾದ್ಯವೂ ಚೆನ್ನಾಗಿ ಕೇಳಿಸಿತಪ್ಪಾ. ಆದರೆ ನಿನ್ನೆ ಹಾಡಿದವರು ಬರಲೇ ಇಲ್ಲ." ಅವರ ದನಿಯಲ್ಲಿ ದುಃಖವಿತ್ತು.

ಚೆಲುವರಂಗಯ್ಯ ರೇಷ್ಮೆಯ ಮೇಲೆ ಒಮ್ಮೆ ಕೈಯಾಡಿಸಿದ. ಇಷ್ಟು ಕಾಲ ಬಯಸಿದ ಜಾಗ ಅದು. ಬಿಟ್ಟು ಏಳುವುದು ಸುಲಭವಾಗಿರಲಿಲ್ಲ. ಆದರೂ ನಿನ್ನೆ ನಾಲ್ವರೂ ಮುಖಾಮುಖಿ ಕೂತು ನುಡಿಸಿದ್ದು ನೆನಪಾಗಿ ಎದ್ದ. ಮೂವರ ಮುಖವೂ ಕಾಣುವಂತೆ ಒಂದು ಅಂಚಿಗೆ ಹೋಗಿ ಕೂತ.

"ಮರಿಗೌಡ, ಇತ್ತ ನೋಡು."

"ನೋಡ್ತಾನೇ ಇದ್ದೀನಿ ಕಣೋ."

ನಾಲ್ವರೂ ಒಂದೇ ಉಸಿರೆಳೆದರು. ರಾಗ ಒಂದು ತಂತಿಯಿಂದ ಎದ್ದು ಇನ್ನೊಂದಕ್ಕೆ ಸರಿಯಿತು. ಒಬ್ಬ ಏರಿದಾಗ ಇನ್ನೊಬ್ಬ ತಗ್ಗಿ ದಾರಿ ಬಿಟ್ಟ. ಸಾಂಬ್ರಾಣಿಯ ಹೊಗೆ ದೀಪದ ಬೆಳಕಿನಲ್ಲಿ ಮೆಲ್ಲಗೆ ಸುತ್ತುತ್ತಿತ್ತು. ಯಾವ ದನಿ ಯಾರದು ಎಂದು ನುಡಿಸುವವರಿಗೇ ತಿಳಿಯದಾಯಿತು.

ಹಾಲು ತಂದ ದಾಸಿ ಬಾಗಿಲಲ್ಲಿ ನಿಂತಳು. ರಾಣಿ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು.

"ಶ್... ಸದ್ದು ಮಾಡಬೇಡವೇ. ಅವರು ಬಂದಿದ್ದಾರೆ."

ಚೆಲುವರಂಗಯ್ಯ ನುಡಿಸುತ್ತಲೇ ಖಾಲಿ ಗದ್ದಿಗೆಯತ್ತ ನೋಡಿದ. ಅದು ಖಾಲಿ ಇದೆ ಎಂದು ಅವನಿಗೆ ಅನಿಸಲಿಲ್ಲ.

ನೀತಿ: ನಾಲ್ವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ನುಡಿಸಿದಾಗ ನಾಲ್ವರದೂ ಅಲ್ಲದ ಒಂದು ದನಿ ಹುಟ್ಟುತ್ತದೆ. ಅದಕ್ಕೆ ನಡುವಿನ ಜಾಗ ಬಿಟ್ಟುಕೊಡುವವನೇ ದೊಡ್ಡ ಕಲಾವಿದ. ಯಾರು ಮುಖ್ಯ ಎಂದು ಹುಡುಕದೆ ಆ ದನಿಯನ್ನು ಕೇಳುವವನೇ ಒಳ್ಳೆಯ ರಸಿಕ.